ಒಂದು ಕಿವಿ ಮಂದವಾದಾಗ ಮನೆಯ ಸ್ಟೀರಿಯೊ

ಎಲ್ಲರಿಗೂ ನಮಸ್ಕಾರ.

ಒಂದು ಕಿವಿ ಮಂದವಾದವರು ಯಕ್ಷಗಾನದ ಪದ್ಯ ಕೇಳಲು ಕೂತರೆ ಮೊದಲು ಕೈ ಹೋಗುವುದು ಬ್ಯಾಲೆನ್ಸ್ ನಾಬ್‌ಗೆ. ಬಲಗಿವಿ ಮಂದವಾ, ಹಾಗಾದರೆ ಬಲಕ್ಕೆ ತಿರುಗಿಸುವುದು. ಹೆಡ್‌ಫೋನಿನಲ್ಲಿ ಇದು ಬಹುಮಟ್ಟಿಗೆ ಸರಿ. ಸ್ಪೀಕರಿನಲ್ಲಿ ಇದರಿಂದ ಸಿಗುವ ಪ್ರಯೋಜನ ಬಹಳ ಕಡಿಮೆ. ಏಕೆ, ಮತ್ತೆ ಮಾಡಬೇಕಾದ್ದೇನು ಎಂಬುದೇ ಇವತ್ತಿನ ಮಾತು.

ಅದಕ್ಕೂ ಮೊದಲು, ಮಂದವಾದದ್ದು ಕಿವಿಯೋ ಯಂತ್ರವೋ ನೋಡಿಕೊಳ್ಳಬೇಕು. ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಳ್ಳಿ. ಸದ್ದು ಮತ್ತೆ ಅದೇ ಕಿವಿಗೆ ಕಮ್ಮಿ ಕೇಳಿದರೆ ಕಿವಿಯದ್ದು. ಮಂದತನ ಇನ್ನೊಂದು ಕಿವಿಗೆ ಹೋಯಿತು ಅಂದರೆ ಹೆಡ್‌ಫೋನಿನದ್ದೋ ಅದರ ಹಿಂದಿನ ಯಂತ್ರದ್ದೋ. ಸ್ಪೀಕರಿಗಾದರೆ ಕುರ್ಚಿಯನ್ನು ತಿರುಗಿಸಿ, ಸ್ಪೀಕರಿಗೆ ಬೆನ್ನು ಹಾಕಿ ಕುಳಿತು ಇದೇ ಪರೀಕ್ಷೆ ಮಾಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಸ್ಪೀಕರ್ ವಯರಿನ ತಾಮ್ರದ ತುದಿ ಹಸಿರುಗಟ್ಟುತ್ತದೆ, ಆ ಕಡೆಯ ಸದ್ದು ಕುಗ್ಗುತ್ತದೆ ಅಥವಾ ಬಂದು ಹೋಗುತ್ತದೆ. ಆ ತುದಿಯನ್ನು ಒಂದು ಇಂಚು ಕತ್ತರಿಸಿ, ಹೊಸದಾಗಿ ಸುಲಿದು ಬಿಗಿಯಬೇಕು. ನಾಬ್ ತಿರುಗಿಸುವಾಗ ಕರಕರ ಎಂದರೆ ವಿದ್ಯುತ್ ಸಂಪರ್ಕ ತೆಗೆದು, ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಕೊನೆಯಿಂದ ಕೊನೆಗೆ ಇಪ್ಪತ್ತು ಸಲ ತಿರುಗಿಸಿ.

ಎರಡೂ ಸ್ಪೀಕರಿನ ಪ್ಲಸ್-ಮೈನಸ್ ಒಂದೇ ರೀತಿ ಇದೆಯೇ ಅಂತಲೂ ನೋಡಿ. ಆಂಪ್ಲಿಫೈಯರಿನಿಂದ ವಯರ್ ಬಿಡಿಸಿ, ಆ ತುದಿಗಳಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ: ಪ್ಲಸ್‌ಗೆ ಪ್ಲಸ್. ದೊಡ್ಡ ಕೋನ್ ಎರಡರಲ್ಲೂ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹೊರಕ್ಕೆ, ಜಿಗಿಯಬೇಕು. ಒಂದು ಹೊರಕ್ಕೆ ಒಂದು ಒಳಕ್ಕೆ ಹೋದರೆ ಭಾಗವತರ ದನಿ ನಡುವೆ ನಿಲ್ಲದೆ ಕೋಣೆಯೆಲ್ಲ ಚದುರುತ್ತದೆ, ಮೃದಂಗದ ತೊಪ್ಪಿಯ ಗುಂಭ ಮಾಯವಾಗುತ್ತದೆ. ಆಗ ಎಷ್ಟು ಬ್ಯಾಲೆನ್ಸ್ ತಿರುಗಿಸಿಯೂ ಪ್ರಯೋಜನವಿಲ್ಲ.

ಕಿವಿಯದ್ದೇ ತೊಂದರೆ ಎಂದಾದರೆ, ಒಂದು ಮಾತನ್ನು ಒತ್ತಿ ಹೇಳಬೇಕು. ಒಂದೆರಡು ದಿನದೊಳಗೆ ಒಂದು ಕಿವಿ ಫಕ್ಕನೆ ಮಂದವಾದರೆ ಅದು ತುರ್ತು ಸ್ಥಿತಿ. ಗುಗ್ಗೆ ಇರಬಹುದು ಎಂದು ಎಣ್ಣೆ ಬಿಟ್ಟು ವಾರ ಕಾಯಬೇಡಿ. ಅದೇ ದಿನ, ತಪ್ಪಿದರೆ ಮರುದಿನ, ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಒಳಗಿವಿಯ ತೊಂದರೆಯಾದರೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ. ನಿಧಾನವಾಗಿ ಒಂದೇ ಕಿವಿ ಕುಗ್ಗುತ್ತಿದ್ದರೂ, ಒಂದೇ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೂ ಪರೀಕ್ಷೆ ಬೇಕೇ ಬೇಕು. ಮಣಿಪಾಲದಲ್ಲೂ ಕಂಕನಾಡಿಯ ಫಾದರ್ ಮುಲ್ಲರ್‌ನಲ್ಲೂ ವಾಕ್-ಶ್ರವಣ ವಿಭಾಗಗಳಿವೆ. ಪರೀಕ್ಷೆಯ ಆಡಿಯೋಗ್ರಾಮಿನ ಪ್ರತಿಯನ್ನು ಕೇಳಿ ತನ್ನಿ. ಅದರಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಗುರುತು ಎಡಗಿವಿ. 250ರಿಂದ 8000 ಹರ್ಟ್ಝ್‌ವರೆಗೆ ಯಾವ ಸ್ವರಮಟ್ಟದಲ್ಲಿ ಎಷ್ಟು ಡೆಸಿಬೆಲ್ ಕೊರತೆ ಎಂದು ಅದರಲ್ಲಿರುತ್ತದೆ. ಮುಂದಿನ ಕೆಲಸಕ್ಕೆಲ್ಲ ಈ ಚೀಟಿಯೇ ಆಧಾರ.

ಈಗ ಸ್ಪೀಕರಿನ ವಿಷಯ. ಬಲ ಸ್ಪೀಕರಿನ ಸದ್ದು ಬಲಗಿವಿಗೆ ಮಾತ್ರ ಹೋಗುವುದಿಲ್ಲ. ಅರ್ಧ ಮಿಲಿಸೆಕೆಂಡಿಗೂ ಕಡಿಮೆ ತಡವಾಗಿ ಎಡಗಿವಿಗೂ ಹೋಗುತ್ತದೆ, ತಲೆ ಅಡ್ಡ ಬರುವುದರಿಂದ ತಾರ ಸ್ವರಗಳು ಮಾತ್ರ ಸ್ವಲ್ಪ ಕುಗ್ಗಿರುತ್ತವೆ. ಹಾಗಾಗಿ ಬಲ ಸ್ಪೀಕರನ್ನು ಏರಿಸಿದರೆ ಒಳ್ಳೆಯ ಎಡಗಿವಿಯೂ ಅದನ್ನು ಜಾಸ್ತಿ ಕೇಳುತ್ತದೆ. ಮಂದ ಕಿವಿಗೆ ನ್ಯಾಯ ಸಿಗುವ ಬದಲು ಎಡ ಚಾನೆಲಿನ ವಾದ್ಯ ಹಿಂದೆ ಬೀಳುತ್ತದೆ.

ಕ್ರಮ ಹೀಗಿರಲಿ. ಎರಡು ಸ್ಪೀಕರುಗಳ ನಡುವೆ ಎರಡು ಮೀಟರ್, ನಿಮ್ಮಿಂದ ಪ್ರತಿಯೊಂದಕ್ಕೂ ಎರಡು ಮೀಟರ್. ಟೇಪ್ ಹಿಡಿದೇ ಅಳೆಯಿರಿ. ಒಬ್ಬರೇ ಓದುವ ವಾರ್ತೆಯನ್ನು ಹಾಕಿ, ಕಣ್ಣು ಮುಚ್ಚಿ, ದನಿ ಎಲ್ಲಿಂದ ಬರುತ್ತದೆ ಕೇಳಿ. ನಡುವಿಗೆ ಬರುವಷ್ಟು ಬ್ಯಾಲೆನ್ಸ್ ಸರಿಸಿ. ಮೂರು-ನಾಲ್ಕು ಡೆಸಿಬೆಲಿಗಿಂತ ಹೆಚ್ಚು ಬೇಕೆನಿಸಿದರೆ ಅಲ್ಲಿಗೇ ಬಿಡಿ, ಉಳಿದದ್ದನ್ನು ಕುರ್ಚಿಯಿಂದ ಸರಿಮಾಡಿ. ಬಲಗಿವಿ ಮಂದವಾದರೆ ಕುರ್ಚಿಯನ್ನು ಹದಿನೈದು-ಇಪ್ಪತ್ತು ಡಿಗ್ರಿ ಎಡಕ್ಕೆ ತಿರುಗಿಸಿ. ಬಲಗಿವಿ ಸ್ಪೀಕರಿನತ್ತ ಮುಖ ಮಾಡುತ್ತದೆ, ಎಡಗಿವಿ ತಲೆಯ ಮರೆಗೆ ಹೋಗುತ್ತದೆ. ಬಿಡಿಕಾಸಿನ ಖರ್ಚಿಲ್ಲದ ಈ ತಿದ್ದುಪಡಿ ಎಷ್ಟೋ ಮನೆಗಳಿಗೆ ಸಾಕು.

ಕೋಣೆಯೂ ಕೇಳುತ್ತದೆ. ರೆಡ್ ಆಕ್ಸೈಡ್ ನೆಲ, ಗಾಜಿನ ಕಿಟಕಿ, ಬರಿ ಗೋಡೆ ಇದ್ದಲ್ಲಿ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಟರ್ರ್ ಎಂಬ ಅನುರಣನ ಬಂದರೆ ಪದದ ಅಕ್ಷರಗಳು ಕಲಸುತ್ತವೆ, ಒಂದೇ ಕಿವಿಯನ್ನು ನೆಚ್ಚಿಕೊಂಡವರಿಗೆ ಇನ್ನೂ ಹೆಚ್ಚು. ತೆಳು ಚಾಪೆಯಿಂದ ಏನೂ ಆಗುವುದಿಲ್ಲ. ದಪ್ಪ ಜಮಖಾನ, ಮಡಿಕೆ ಮಡಿಕೆಯಾದ ಪರದೆ ಬೇಕು. ಆಟಿಯ ಮಳೆ ಹಂಚಿನ ಮೇಲೆ ಹೊಯ್ಯುವಾಗ ವಾಲ್ಯೂಮ್ ಏರಿಸಬೇಡಿ, ಕುರ್ಚಿಯನ್ನು ಹತ್ತಿರ ಎಳೆಯಿರಿ. ದೂರ ಅರ್ಧವಾದರೆ ನೇರ ಸದ್ದು ಆರು ಡೆಸಿಬೆಲ್ ಏರುತ್ತದೆ.

ಹೆಡ್‌ಫೋನಿನಲ್ಲಿ ಕಿವಿಗೊಂದು ಚಾನೆಲ್ ಇರುವುದರಿಂದ ನಿಜವಾದ ತಿದ್ದುಪಡಿ ಅಲ್ಲಿ ಸಾಧ್ಯ. ಬಾಸ್, ಟ್ರೆಬಲ್ ನಾಬ್ ಎರಡೂ ಕಡೆಗೆ ಒಟ್ಟಿಗೇ ಕೆಲಸ ಮಾಡುತ್ತವೆ, ಅವು ಬೇಡ. ಒಂದೊಂದು ಸ್ವರಮಟ್ಟದ ಸದ್ದನ್ನು ಎಡಕ್ಕೆ ಬೇರೆ, ಬಲಕ್ಕೆ ಬೇರೆಯಾಗಿ ಏರಿಳಿಸುವ ಈಕ್ವಲೈಜರ್ ಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶ ಇದನ್ನು ಮಾಡುತ್ತದೆ. ಉದಾಹರಣೆಗೆ 4000 ಹರ್ಟ್ಝ್‌ನಲ್ಲಿ ಎಡಗಿವಿ 20, ಬಲಗಿವಿ 40 ಡೆಸಿಬೆಲ್ ಇದ್ದರೆ ವ್ಯತ್ಯಾಸ 20. ಬಲಕ್ಕೆ 20 ಏರಿಸುವುದು ತಪ್ಪು. ಆರರಿಂದ ಆರಂಭಿಸಿ; ಅರ್ಧವಾದ ಹತ್ತನ್ನು ಮೀರಬೇಡಿ. ಕಾರಣ, ಒಳಗಿವಿ ಮಂದವಾದಾಗ ಸಣ್ಣ ಸದ್ದು ಕೇಳುವುದಿಲ್ಲ, ಆದರೆ ದೊಡ್ಡ ಸದ್ದು ಒಳ್ಳೆಯ ಕಿವಿಯಷ್ಟೇ ದೊಡ್ಡದಾಗಿ ಬಡಿಯುತ್ತದೆ. ಪೂರ್ತಿ ಏರಿಸಿದರೆ ಆಲಾಪನೆ ಚಂದ ಕೇಳೀತು, ಚೆಂಡೆಯ ಉರುಳಿಕೆ ಬಂದಾಗ ಕಿವಿ ಹಿಂಡಿದಂತಾಗುತ್ತದೆ. ಕೊರತೆ 70 ಡೆಸಿಬೆಲ್ ಮೀರಿದ ಸ್ವರಮಟ್ಟವನ್ನು ಮುಟ್ಟದಿರುವುದೇ ಲೇಸು. ಅಲ್ಲಿ ಏರಿಸಿದ್ದು ಹಲವರಿಗೆ ಸ್ವರವಾಗಿ ಕೇಳದೆ ಬರಿ ಕೀರಲಾಗಿ ಕೇಳುತ್ತದೆ.

ಎಷ್ಟು ಏರಿಸಿದ್ದೀರೋ ಅಷ್ಟನ್ನು ಅದೇ ತಂತ್ರಾಂಶದ ಒಟ್ಟು ಸದ್ದಿನ ಮಟ್ಟವಾದ ಪ್ರೀಆಂಪ್‌ನಲ್ಲಿ ಇಳಿಸಿ. ಹತ್ತು ಡೆಸಿಬೆಲ್ ಎಂದರೆ ಹತ್ತು ಪಟ್ಟು ವಿದ್ಯುತ್ತು. ಇಳಿಸದಿದ್ದರೆ ಅಲೆಯ ತಲೆ ಕತ್ತರಿಸಿ ಸದ್ದು ಒಡೆಯುತ್ತದೆ. ಹೊಂದಿಸಿದ ಮೇಲೆ ಒಂದು ವಾರ ಬದಲಾಯಿಸದೆ ಕೇಳಿ. ಮಿದುಳಿಗೆ ಒಗ್ಗಲು ಸಮಯ ಬೇಕು.

ಒಂದು ಕಿವಿ ಪೂರ್ತಿ ಹೋದವರಿಗೆ ಈ ಬ್ಯಾಲೆನ್ಸ್, ಈಕ್ವಲೈಜರಿನ ತಿದ್ದುಪಡಿ ಅನ್ವಯಿಸುವುದಿಲ್ಲ. ಅವರಿಗೆ ಬೇಕಾದ್ದು ಮೋನೊ, ಅಂದರೆ ಎಡಬಲ ಎರಡೂ ಸೇರಿದ ಒಂದೇ ಸದ್ದು. ಭಾಗವತಿಕೆ ಒಂದು ಚಾನೆಲಿನಲ್ಲಿ, ಚೆಂಡೆ ಇನ್ನೊಂದರಲ್ಲಿ ಧ್ವನಿಮುದ್ರಣವಾಗಿದ್ದರೆ ಹೆಡ್‌ಫೋನಿನಲ್ಲಿ ಅವರಿಗೆ ಅರ್ಧ ಹಿಮ್ಮೇಳವೇ ಇಲ್ಲ. ಮೊಬೈಲಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೊ ಆಡಿಯೊ ಎಂದಿರುತ್ತದೆ, ಒತ್ತಿದರೆ ಎರಡೂ ಸೇರಿ ಬರುತ್ತವೆ. ಆಂಪ್ಲಿಫೈಯರಿನಲ್ಲಿ ಮೋನೊ ಸ್ವಿಚ್ ಇಲ್ಲದಿದ್ದರೆ ಎಡಬಲ ವಯರನ್ನು ಸುಮ್ಮನೆ ಜೋಡಿಸಬೇಡಿ, ಒಂದು ಚಾನೆಲ್ ಇನ್ನೊಂದನ್ನು ತಳ್ಳಿ ಸದ್ದು ಕೆಡುತ್ತದೆ. ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ ವಯರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಒಂದು ಕಿಲೋಓಮ್ ರೆಸಿಸ್ಟರ್ ಹಾಕಿ, ಆಮೇಲೆ ಸೇರಿಸಿ. ಸ್ಪೀಕರಿಗೆ ಹೋಗುವ ವಯರುಗಳನ್ನಂತೂ ಯಾವತ್ತೂ ಸೇರಿಸಬಾರದು, ಆಂಪ್ಲಿಫೈಯರ್ ಸುಟ್ಟುಹೋದೀತು. ರೆಸಿಸ್ಟರ್ ಹಾಕಿ ಮೋನೊ ಮಾಡಿದ್ದನ್ನು ಒಂದೇ ಸ್ಪೀಕರಿನಲ್ಲಿ, ಒಳ್ಳೆಯ ಕಿವಿಯ ಬದಿಯ ಮುಂದುಗಡೆ ಇಟ್ಟು ಕೇಳುವುದು ನಮ್ಮ ಪ್ರಕಾರ ಎರಡು ಸ್ಪೀಕರಿಗಿಂತ ಮೇಲು. ಶ್ರವಣ ಸಾಧನ ಹಾಕುವವರು ಅದರಲ್ಲೊಂದು ಸಂಗೀತದ ಪ್ರೋಗ್ರಾಮ್ ಮಾಡಿಸಿಕೊಳ್ಳಿ. ಮಾತಿಗೆಂದು ಇರುವ ಗದ್ದಲ ತಗ್ಗಿಸುವ ವ್ಯವಸ್ಥೆ ಚಕ್ರತಾಳವನ್ನೂ ಗದ್ದಲವೆಂದು ಅಳಿಸುವುದುಂಟು.

ಇರುವ ಒಂದು ಕಿವಿಯನ್ನು ಕಾಪಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. 90ಕ್ಕೆ ಹೋದರೆ ವಾರಕ್ಕೆ ನಾಲ್ಕೇ ಗಂಟೆ.

ಕೊನೆಗೊಂದು ಮನೆಯ ವಿಷಯ. ನಿಮಗೆ ಸರಿಯಾದದ್ದು ಉಳಿದವರಿಗೆ ಓರೆಯಾಗಿ ಕೇಳುತ್ತದೆ. ಈಕ್ವಲೈಜರಿನಲ್ಲಿ ಎರಡು ಸೆಟ್ಟಿಂಗ್ ಉಳಿಸಿಡಿ, ನಾಬಿನ ಮೇಲೆ ನಿಮ್ಮ ಜಾಗಕ್ಕೆ ಉಗುರುಬಣ್ಣದ ಒಂದು ಚುಕ್ಕಿ ಇಡಿ. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ, ಹೊಸ ಚೀಟಿ ಬಂದಾಗ ಚುಕ್ಕಿಯ ಜಾಗ ಬದಲಿಸಿ.