ದೇವರಿಗೇನು ಕಿವಿ ಮಂದವೇ?

ಆತ್ಮೀಯ ಕೇಳುಗರೇ, ನಮಸ್ಕಾರ. ಕಷ್ಟದ ಕಾಲದಲ್ಲಿ ದೇವರನ್ನು ನಂಬಿ ನೆಮ್ಮದಿಯಾಗಿರುವುದು ಹೇಗೆ ಎಂಬುದನ್ನು ಕುರಿತು ಮಾತನಾಡಲು ನನ್ನನ್ನು ಕರೆದಿದ್ದಾರೆ. ನಾನು ಹೇಳಬೇಕಾದದ್ದು ಒಂದೇ: ದೇವರಿಗೆ ಒಮ್ಮೆ ಹೇಳಿ, ಆಮೇಲೆ ಸುಮ್ಮನೆ ನಿಮ್ಮ ಕೆಲಸ ಮಾಡಿ.

ನಾನು ಹುಡುಗನಾಗಿದ್ದಾಗ, ಹೊಸದುರ್ಗ ತಾಲ್ಲೂಕಿನ ನಮ್ಮೂರಿನಲ್ಲಿ ಒಂದು ವರ್ಷ ಆರಿದ್ರೆ ಮಳೆಯೂ ಕೈಕೊಟ್ಟಿತು. ಅಪ್ಪ ಕಂಡ ಕಂಡ ಗುಡಿಗೆ ಹೋಗಿ, ಮಳೆ ಬಂದರೆ ಮಾರಮ್ಮನಿಗೆ ಬೆಳ್ಳಿಯ ಕಣ್ಣು, ಇನ್ನೊಂದು ದೇವರ ತೇರಿಗೆ ಹೊಸ ಹಗ್ಗ ಎಂದು ಹರಕೆಯ ಮೇಲೆ ಹರಕೆ ಹೊತ್ತು ಬರುತ್ತಿದ್ದರು. ರಾತ್ರಿ ನಿದ್ದೆ ಬಾರದೆ ಜಗುಲಿಯ ಮೇಲೆ ಕುಳಿತು ಮುಗಿಲು ನೋಡುತ್ತಿದ್ದರು. ಅಂಥದೊಂದು ಸಂಜೆ ಅಜ್ಜಿ ದೀಪ ಹಚ್ಚಿ ಕೈಮುಗಿದು, ಬಿತ್ತನೆ ರಾಗಿಯನ್ನು ಮೊರಕ್ಕೆ ಸುರುವಿಕೊಂಡು, ಜೊಳ್ಳು ಹಾರುವಂತೆ ಕೇರಿ, ಬೂದಿ ಬೆರೆಸಿ, ಒಣಗಿದ ಬೇವಿನ ಸೊಪ್ಪಿನೊಂದಿಗೆ ಮಡಕೆಗೆ ತುಂಬಿ, ಅದರ ಬಾಯಿಗೆ ಸಗಣಿ ಮೆತ್ತುತ್ತಿದ್ದರು. ಬಿತ್ತಲು ಹದವೇ ಇಲ್ಲದಾಗ ಇದೇಕೆ ಎಂದು ಅಪ್ಪ ರೇಗಿದರು. ಅಜ್ಜಿ ತಲೆಯೆತ್ತದೆ ಹೇಳಿದರು: "ದೇವ್ರಿಗೇನು ಕಿವಿ ಮಂದವೇನೋ ಮಗನೇ? ಒಂದ್ಸಲ ಹೇಳಿದ್ದೀವಲ್ಲ. ಬಾ, ಮಡಕೆ ಎತ್ತಿ ಅಟ್ಟಕ್ಕಿಡು." ಮನೆಯಲ್ಲಿ ಮುದ್ದೆ ಒಂದೇ ಹೊತ್ತಿಗೆ ಇಳಿದಾಗಲೂ ಅವರು ಆ ಮಡಕೆಗೆ ಯಾರೂ ಕೈಹಾಕಲು ಬಿಡಲಿಲ್ಲ.

ಆ ವರ್ಷ ಮಳೆ ಬಂತೇ ಎಂದು ನೀವು ಕೇಳುತ್ತೀರಿ. ಬರಲಿಲ್ಲ. ಮುಂದಿನ ವರ್ಷ ಬಂತು; ಊರಿನ ಅನೇಕರು ಬೀಜಕ್ಕೆ ಪರದಾಡುತ್ತಿದ್ದಾಗ ನಮ್ಮ ಅಟ್ಟದ ಮೇಲೆ ಮಡಕೆ ಇತ್ತು.

ನಮ್ಮ ವಾಣಿವಿಲಾಸ ಸಾಗರವನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ವೇದಾವತಿ ನದಿ ಎಷ್ಟು ಸೊರಗಿದರೂ, ಬಂದಷ್ಟು ನೀರನ್ನು ಆ ಕಟ್ಟೆ ಹಿಡಿದಿಟ್ಟುಕೊಂಡೇ ಇತ್ತು. ನಮಗೆ 89 ದಿನ ತಡೆಯುವ ಸಹನೆಯೂ ಇಲ್ಲ. ಯಾವ ಮಂತ್ರವನ್ನು ಎಷ್ಟು ಸಲ ಜಪಿಸಿದರೆ ಸಾಲ ತೀರುತ್ತದೆ ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಕ್ಷಮಿಸಿ, ಅದು ಭಕ್ತಿಯಲ್ಲ, ವ್ಯಾಪಾರ. ಅದಕ್ಕೆ ಚಳ್ಳಕೆರೆಯ ಮಾರುಕಟ್ಟೆ ಇದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು "ಮಾಡಿದಷ್ಟು ನೀಡು ಭಿಕ್ಷೆ" ಎಂದರಲ್ಲ, ಅದರಲ್ಲಿ ಮಾಡುವುದು ಮೊದಲು, ಭಿಕ್ಷೆ ಕೊನೆಗೆ. ಅವರು ಈ ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದವರು.

ಅಜ್ಜಿಯ ಕಥೆಯೇ ಸಮಯವನ್ನೆಲ್ಲ ತಿಂದುಬಿಟ್ಟಿತು. ಕಾಯಿಲೆ, ಸಾಲಗಳ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ವೈದ್ಯರಲ್ಲಿಗೆ ಹೋಗಿ, ಸಾಲವನ್ನು ಮನೆಯವರಿಂದ ಮುಚ್ಚಿಡಬೇಡಿ, ಉಳಿದದ್ದನ್ನು ದೇವರಿಗೆ ಒಮ್ಮೆ ಹೇಳಿ ಸುಮ್ಮನಾಗಿ. ಇಂದು ಸಂಜೆ ದೀಪ ಹಚ್ಚಿದ ಮೇಲೆ ಐದು ನಿಮಿಷ ಏನನ್ನೂ ಬೇಡದೆ ಕುಳಿತುಕೊಳ್ಳಿ. ಆಗ ರೇಡಿಯೊವನ್ನೂ ಆರಿಸಬಹುದು, ನನಗೇನೂ ಬೇಸರವಿಲ್ಲ. ನಮಸ್ಕಾರ.