ಬಿಲ್ ಡಗ್ಲಸ್ ಮಾಡಿದ ನಾಲ್ಕು ಸಿನಿಮಾ

ಕೇಳುಗರಿಗೆ ನಮಸ್ಕಾರ.

ಸ್ಕಾಟ್ಲೆಂಡಿನ ನಿರ್ದೇಶಕ ಬಿಲ್ ಡಗ್ಲಸ್ ಹೆಸರಾದದ್ದು ನಾಲ್ಕೇ ಸಿನಿಮಾಗಳಿಂದ. ಅದರಲ್ಲಿ ಮೂರು ಅವರ ಸ್ವಂತ ಬಾಲ್ಯದ ಕಥೆ. ಬಡತನವನ್ನು ಇಷ್ಟು ಕಡಿಮೆ ಮಾತಿನಲ್ಲಿ, ಇಷ್ಟು ಮರ್ಯಾದೆಯಿಂದ ತೋರಿಸಿದವರು ತೀರಾ ವಿರಳ.

ಅವರು ಹುಟ್ಟಿದ್ದು 1934ರಲ್ಲಿ, ಎಡಿನ್‌ಬರಾ ಪಕ್ಕದ ನ್ಯೂಕ್ರೇಗ್‌ಹಾಲ್‌ನಲ್ಲಿ. ಕಲ್ಲಿದ್ದಲು ಗಣಿಯ ಊರದು. ಚಿಕ್ಕಂದಿನಲ್ಲಿ ಅಜ್ಜಿಯೇ ಆಸರೆ. ಮನೆಯಲ್ಲಿ ಏನೂ ಇಲ್ಲ, ಸಿನಿಮಾ ಹುಚ್ಚು ಮಾತ್ರ ಜಾಸ್ತಿ. ಕಾಸಿಲ್ಲದಾಗ ಖಾಲಿ ಜಾಮ್ ಜಾಡಿ ಕೊಟ್ಟು ಟಾಕೀಸಿನ ಒಳಗೆ ಹೋಗುತ್ತಿದ್ದ ಹುಡುಗ ಆತ.

ಮುಂದೆ ವಾಯುಪಡೆಯ ಕಡ್ಡಾಯ ಸೇವೆಗೆಂದು ಈಜಿಪ್ಟಿಗೆ ಹೋದರು. ಅಲ್ಲಿ ಪೀಟರ್ ಜ್ಯುವೆಲ್ ಸಿಕ್ಕರು. ಆ ಗೆಳೆತನ ಸಾಯುವವರೆಗೂ ಉಳಿಯಿತು. ಲಂಡನ್ನಿನಲ್ಲಿ ಸಿನಿಮಾ ಕಲಿತ ಮೇಲೆ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೊಟ್ಟ ಸಣ್ಣ ದುಡ್ಡಿನಲ್ಲಿ 1972ರಲ್ಲಿ 'ಮೈ ಚೈಲ್ಡ್‌ಹುಡ್' ಬಂತು. ಆಮೇಲೆ 'ಮೈ ಏನ್ ಫೋಕ್', 1978ರಲ್ಲಿ 'ಮೈ ವೇ ಹೋಮ್'. ಮೂರರಲ್ಲೂ ಡಗ್ಲಸ್ ತಮ್ಮನ್ನೇ ನೆನೆದು ಬರೆದ ಹುಡುಗ ಜೇಮಿಯ ಪಾತ್ರ ಸ್ಟೀಫನ್ ಆರ್ಚಿಬಾಲ್ಡ್‌ನದು. ನಟನೆ ಕಲಿತವನಲ್ಲ, ಬಸ್ ಸ್ಟಾಪಿನಲ್ಲಿ ಡಗ್ಲಸ್ ಕಣ್ಣಿಗೆ ಬಿದ್ದ ಹುಡುಗ. ಚಿತ್ರದಿಂದ ಚಿತ್ರಕ್ಕೆ ಅವನು ಬೆಳೆಯುವುದೇ ನಮ್ಮ ಕಣ್ಣಿಗೆ ಕಾಣುತ್ತದೆ.

ಮೊದಲ ಚಿತ್ರದ ಒಂದು ದೃಶ್ಯ ಹೇಳಲೇಬೇಕು. ಅಜ್ಜಿಗೆ ಚಳಿ. ಜೇಮಿ ಒಂದು ಕಪ್ಪಿಗೆ ಬಿಸಿನೀರು ಸುರಿಯುತ್ತಾನೆ. ಆ ನೀರನ್ನು ಚೆಲ್ಲಿ, ಬೆಚ್ಚಗಾದ ಖಾಲಿ ಕಪ್ಪನ್ನು ಅಜ್ಜಿಯ ಕೈಗಿಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ಒತ್ತಿ ಹಿಡಿಯುತ್ತಾನೆ. ಅಷ್ಟೇ. ಕರುಣೆ ಹುಟ್ಟಿಸಲೆಂದು ಸಂಗೀತವಿಲ್ಲ, ಮಾತಿಲ್ಲ. ಆದರೂ ಆ ಮನೆಯಲ್ಲಿ ಏನಿಲ್ಲ, ಏನಿದೆ ಎಂದು ಎರಡೂ ಗೊತ್ತಾಗಿಬಿಡುತ್ತದೆ, ಅಲ್ವಾ? ಅಳಬೇಕಾದ ಕಡೆ ಡಗ್ಲಸ್ ಕ್ಯಾಮೆರಾ ಸುಮ್ಮನೆ ನಿಲ್ಲುತ್ತದೆ. ಅಳುವುದೋ ಬಿಡುವುದೋ, ಅದು ನಮಗೇ ಬಿಟ್ಟದ್ದು. ನನಗೆ ಅವರ ಮೇಲೆ ಇಷ್ಟೊಂದು ಗೌರವ ಇದಕ್ಕೇ.

ಅವರ ನಾಲ್ಕನೆಯ ಚಿತ್ರ 'ಕಾಮ್ರೇಡ್ಸ್'. ಸುಮಾರು ಮೂರು ಗಂಟೆಯದು, ತೆರೆ ಕಂಡದ್ದು 1980ರ ದಶಕದ ಕೊನೆಯ ಭಾಗದಲ್ಲಿ. ಇಂಗ್ಲೆಂಡಿನ ಟಾಲ್‌ಪಡಲ್ ಹಳ್ಳಿಯ ಆರು ಮಂದಿ ಕೃಷಿ ಕೂಲಿಗಳು ಸಂಘ ಕಟ್ಟಿಕೊಂಡರು. ಅದಕ್ಕೆ 1834ರಲ್ಲಿ ಅವರನ್ನು ಆಸ್ಟ್ರೇಲಿಯಾಕ್ಕೆ ಗಡಿಪಾರು ಮಾಡಲಾಯಿತು. ಈ ಕಥೆಯನ್ನು ಮಾಯಾದೀಪ, ಅಂದರೆ ಗಾಜಿನ ಮೇಲಿನ ಚಿತ್ರವನ್ನು ಬೆಳಕಿನಿಂದ ಪರದೆಯ ಮೇಲೆ ಮೂಡಿಸುವ ಹಳೆಯ ಯಂತ್ರ, ಹೊತ್ತು ಊರೂರು ಸುತ್ತಿ ಚಿತ್ರ ತೋರಿಸುವವನ ಕಣ್ಣಿಂದ ಹೇಳಿದರು. ಅಂಥ ಹಳೆಯ ದೀಪಗಳನ್ನು ಡಗ್ಲಸ್ ಮತ್ತು ಜ್ಯುವೆಲ್ ವರ್ಷಗಟ್ಟಲೆ ಕೂಡಿಟ್ಟಿದ್ದರು. ಇಂದು ಆ ಸಂಗ್ರಹ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ, ಡಗ್ಲಸ್ ಹೆಸರಿನ ಮ್ಯೂಸಿಯಮ್ಮಿನಲ್ಲಿದೆ.

ಅದಾದ ಮೇಲೆ ಇನ್ನೊಂದು ಚಿತ್ರ ಮಾಡಲು ಅವರಿಗೆ ಆಗಲಿಲ್ಲ. ಸ್ಕಾಟ್ಲೆಂಡಿನ ಹಳೆಯ ಲೇಖಕ ಜೇಮ್ಸ್ ಹಾಗ್ ಅವರ ಕಾದಂಬರಿಯಿಂದ ಬರೆದ ಚಿತ್ರಕಥೆ ಕಾಗದದ ಮೇಲೇ ಉಳಿಯಿತು. 1991ರಲ್ಲಿ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಇಂಥವರ ಕೈಗೆ ದುಡ್ಡು ಕೊಡುವವರು ಇನ್ನಷ್ಟು ಜನ ಇರಬೇಕಿತ್ತು ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ನೋಡುವ ಮನಸ್ಸಾದರೆ 'ಮೈ ಚೈಲ್ಡ್‌ಹುಡ್'ನಿಂದಲೇ ಶುರು ಮಾಡಿ. ಮುಕ್ಕಾಲು ಗಂಟೆಯ ಚಿತ್ರ. ಮೂರನ್ನೂ ಒಂದೇ ದಿನ ನೋಡಬೇಡಿ, ನಡುವೆ ಒಂದೆರಡು ದಿನ ಬಿಡಿ.