ಇಪ್ಪತ್ತು ಮಿಲಿಮೀಟರಿನ ಆಸೆ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಮಜ್ದಾ ಎಂದೊಡನೆ ನಮ್ಮ ಕಡೆಯವರ ಕಣ್ಣಿಗೆ ಕಟ್ಟುವುದು ಸ್ವರಾಜ್ ಮಜ್ದಾ. ಶಾಲೆಯ ಮಕ್ಕಳನ್ನೋ ಮದುವೆಯ ದಿಬ್ಬಣವನ್ನೋ ತುಂಬಿಕೊಂಡು ಊರೂರು ಸುತ್ತುತ್ತಿದ್ದ ಗಾಡಿ. ಆ ಹೆಸರಿನ ಮೂಲವಾದ ಜಪಾನಿ ಕಂಪನಿ ಎರಡೇ ಸೀಟಿನ, ಚಾವಣಿ ಮಡಚಿ ಹಿಂದಕ್ಕೆ ಹಾಕಬಹುದಾದ ಚೂಟಿಯಾದ ಕಾರೊಂದನ್ನೂ ಮಾಡುತ್ತದೆ. ನಾನು ಅದನ್ನು ಮೊದಲು ಮುಟ್ಟಿ ನೋಡಿದ್ದು ಅರವತ್ತು ದಾಟಿದ ಮೇಲೆ, 2023ರ ಜುಲೈನಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನನ್ನ ಅಕ್ಕನ ಮಗನ ಗ್ಯಾರೇಜಿನಲ್ಲಿ. ಕಾರಿನ ಹೆಸರು ಎಂಎಕ್ಸ್-5. ಅಮೆರಿಕದವರ ಬಾಯಲ್ಲಿ ಮಿಯಾಟಾ.

ಮೈಸೂರಿನಲ್ಲಿ ಮೂವತ್ತು ವರ್ಷ ಟೈರ್ ಅಂಗಡಿ ನಡೆಸಿದವನು ನಾನು. ಮಗನಿಗೆ ಅಂಗಡಿ ಒಪ್ಪಿಸಿ ವಿಶ್ರಾಂತಿಗೆಂದು ಅಕ್ಕನ ಜೊತೆ ಅಮೆರಿಕಕ್ಕೆ ಹೋದರೆ, ಅಲ್ಲಿಯೂ ಟೈರೇ ಕಾದು ಕುಳಿತಿತ್ತು. ಅಳಿಯ 1992ರ ಮಾದರಿಯ ಹಳೆಯ ಮಿಯಾಟಾ ಕೊಂಡಿದ್ದ. ಅದರೊಂದಿಗೆ ಬಂದಿದ್ದ 14 ಇಂಚಿನ ಚಕ್ರಗಳನ್ನು ಬಿಚ್ಚಿ ಮೂಲೆಗೆ ಜೋಡಿಸಿ, 15 ಇಂಚಿನ ಅಗಲವಾದ ಚಕ್ರಗಳನ್ನು ಟೈರ್ ಸಮೇತ ಯಾರಿಂದಲೋ ಅಗ್ಗಕ್ಕೆ ತಂದು ಹಾಕಿಸಿದ್ದ. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅವನ ಮುಖ ಚೆನ್ನಾಗಿರಲಿಲ್ಲ.

"ಮಾವ, ಅಗಲದ ಟೈರ್ ಹಾಕಿದರೆ ಹಿಡಿತ ಹೆಚ್ಚಾಗಬೇಕು ತಾನೇ? ಇದು ಮೊದಲಿಗಿಂತ ಕೆಟ್ಟದಾಗಿ ಓಡುತ್ತಿದೆ. ಒಮ್ಮೆ ನೀವೇ ಕುಳಿತು ನೋಡಿ" ಎಂದ.

ಕುಳಿತು ನೋಡಿದೆ. ಅಲ್ಲಿನ ಕಾಂಕ್ರೀಟ್ ಹೆದ್ದಾರಿಗಳಲ್ಲಿ ಮಳೆನೀರು ನಿಲ್ಲದಿರಲೆಂದು ರಸ್ತೆಯ ಉದ್ದಕ್ಕೂ ಸಣ್ಣ ಸಣ್ಣ ಗೀರು ಕೊರೆದಿರುತ್ತಾರೆ. ಕಾರು ಆ ಗೀರುಗಳ ಜಾಡು ಹಿಡಿದು ಅತ್ತ ಒಮ್ಮೆ, ಇತ್ತ ಒಮ್ಮೆ ಮೂಸುತ್ತಾ ಹೋಗುತ್ತಿತ್ತು. ಸ್ಟೀರಿಂಗ್ ಕೈಯಲ್ಲಿ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಸ್ವಲ್ಪ ಉಬ್ಬು ಸಿಕ್ಕರೆ ಹಿಂದಿನಿಂದ ಪರ್ ಎಂದು ರಬ್ಬರ್ ಉಜ್ಜುವ ಸದ್ದು. ಮೂವತ್ತು ವರ್ಷ ಕೇಳಿದ ಸದ್ದು ಅದು. ನಮ್ಮಲ್ಲಿ ಟ್ಯಾಕ್ಸಿಗೆ ದಪ್ಪ ಟೈರ್ ಹಾಕಿಸಿ, ಹಿಂದೆ ಐದು ಜನರನ್ನು ಕೂರಿಸಿಕೊಂಡು ಬರುತ್ತಿದ್ದವರ ಗಾಡಿಯೂ ಹೀಗೆಯೇ ಅಳುತ್ತಿತ್ತು.

ಮೊದಲು ಟೈರಿನ ಮೈಮೇಲಿನ ಅಕ್ಷರ ಓದೋಣ. ಈ ಕಾರಿಗೆ ಕಾರ್ಖಾನೆಯವರು ಕೊಟ್ಟಿದ್ದು 185/60 ಆರ್ 14. ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಇದು ರಸ್ತೆಗೆ ತಗಲುವ ಪಟ್ಟಿಯ ಅಗಲ ಎಂದು ಹತ್ತರಲ್ಲಿ ಒಂಬತ್ತು ಗಿರಾಕಿಗಳು ತಿಳಿದಿರುತ್ತಾರೆ. ಅಲ್ಲ. ಗಾಳಿ ತುಂಬಿದ ಟೈರಿನ ಈ ಕಡೆಯ ಕೆನ್ನೆಯಿಂದ ಆ ಕಡೆಯ ಕೆನ್ನೆಯವರೆಗಿನ ಅಳತೆ ಅದು. ನೆಲ ಮುಟ್ಟುವ ಭಾಗ ಅದಕ್ಕಿಂತ ಕಿರಿದು. 60 ಎಂದರೆ ಕೆನ್ನೆಯ ಎತ್ತರ ಅಗಲದ ನೂರಕ್ಕೆ ಅರವತ್ತು ಪಾಲು, ಅಂದರೆ 111 ಮಿಲಿಮೀಟರ್. 14 ಎನ್ನುವುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ಬೆರೆಸಿದ ಪುಣ್ಯಾತ್ಮರು ಯಾರೋ! ಕೂಡಿ ಕಳೆದರೆ ಇಡೀ ಚಕ್ರದ ಎತ್ತರ ಸುಮಾರು 578 ಮಿಲಿಮೀಟರ್. ಅಳಿಯ ಹಾಕಿಸಿದ್ದು 205/50 ಆರ್ 15. ಅದರ ಎತ್ತರ 586. ವ್ಯತ್ಯಾಸ ಎಂಟು ಮಿಲಿಮೀಟರ್ ಅಷ್ಟೇ. ಮೀಟರಿನಲ್ಲಿ ವೇಗ 60 ಮೈಲಿ ತೋರಿಸಿದಾಗ ಕಾರು ನಿಜವಾಗಿ ಓಡುತ್ತಿರುವುದು 61ರ ಹತ್ತಿರ. ಅದೇನೂ ದೊಡ್ಡ ಅಪರಾಧವಲ್ಲ.

ಹಾಗಾದರೆ ತಪ್ಪು ಎಲ್ಲಿ? ರಿಮ್ಮಿನಲ್ಲಿ. ಮೂಲ ರಿಮ್ಮಿನ ಅಗಲ ಐದೂವರೆ ಇಂಚು, ಆಫ್‌ಸೆಟ್ 45. ಆಫ್‌ಸೆಟ್ ಎಂದರೆ ರಿಮ್ಮಿನ ನಟ್ಟನಡುವಿನ ಗೆರೆಯಿಂದ, ಅದು ಹಬ್ಬಿಗೆ (ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ನಡುಭಾಗಕ್ಕೆ) ಅಂಟುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬ ಲೆಕ್ಕ. ಈ ಅಂಕಿ ಇಳಿದಷ್ಟೂ ಚಕ್ರ ಮೈಯಿಂದಾಚೆ ಬರುತ್ತದೆ. ಅಳಿಯ ತಂದಿದ್ದ ರಿಮ್ಮಿನ ಅಗಲ ಏಳು ಇಂಚು, ಆಫ್‌ಸೆಟ್ 20. ಒಂದೂವರೆ ಇಂಚು ಹೆಚ್ಚಿದ ಅಗಲದಲ್ಲಿ ಅರ್ಧ, ಅಂದರೆ 19 ಮಿಲಿಮೀಟರ್ ಹೊರಕ್ಕೆ. ಆಫ್‌ಸೆಟ್ ಇಳಿದದ್ದರಿಂದ ಇನ್ನೊಂದು 25. ಒಟ್ಟು 44 ಮಿಲಿಮೀಟರ್, ಹೆಚ್ಚುಕಡಿಮೆ ಮೂರು ಬೆರಳಿನಷ್ಟು, ರಿಮ್ಮಿನ ಅಂಚು ಮಡ್‌ಗಾರ್ಡಿನ ಕಡೆಗೆ ಸರಿದಿತ್ತು. ಟೈರ್ ಅಗಲವಾದದ್ದು ಇಪ್ಪತ್ತು ಮಿಲಿಮೀಟರ್. ಅದಕ್ಕಾಗಿ ಚಕ್ರ ಹೊರಬಿದ್ದದ್ದು ಅದರ ಎರಡರಷ್ಟು. ಸಾಲದ್ದಕ್ಕೆ ಹಿಂದಿನ ಮಾಲೀಕ ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿಯೂ ಇದ್ದ.

ಎಷ್ಟು ಜಾಗ ಉಳಿದಿದೆ ಎಂದು ನೋಡಬೇಕಲ್ಲ? ಅಡುಗೆಮನೆಗೆ ಹೋದೆ. ಅಕ್ಕ ಚಪಾತಿಗೆ ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದಳು. ನಾಲ್ಕು ಉಂಡೆ ಕದ್ದು ತಂದು, ಹಿಂದಿನ ಮಡ್‌ಗಾರ್ಡಿನ ಒಳ ಅಂಚಿಗೆ ಒಂದೊಂದಾಗಿ ಅಂಟಿಸಿದೆ. ಅಮೆರಿಕದ ಗಾಳಿಗೋ ಏನೋ, ಹಿಟ್ಟು ನಮ್ಮಲ್ಲಿಗಿಂತ ಬೇಗ ಒಣಗುತ್ತಿತ್ತು. ಬೆರಳು ನೀರಿಗೆ ಅದ್ದಿಕೊಂಡು ಸವರಬೇಕಾಯಿತು. ಆಮೇಲೆ ಚಕ್ರದ ಕೆಳತೋಳಿಗೆ ಜಾಕ್ ಕೊಟ್ಟು, ಗುಂಡಿಗೆ ಬಿದ್ದಾಗ ಚಕ್ರ ಒಳಕ್ಕೆ ಏರುವಷ್ಟು ಏರಿಸಿದೆವು. ಇಳಿಸಿ ನೋಡಿದರೆ ಎರಡು ಉಂಡೆ ಹಪ್ಪಳದಂತೆ ಚಪ್ಪಟೆ. ಮೂರನೆಯದರ ಮೇಲೆ ಟೈರಿನ ಕೆನ್ನೆಯ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಅಚ್ಚೊತ್ತಿಕೊಂಡಿದ್ದವು. ನಾಲ್ಕನೆಯದು ಟೈರಿಗೇ ಅಂಟಿ ಹೋಗಿತ್ತು. ಕಬ್ಬಿಣದ ಅಂಚನ್ನು ಒಳಕ್ಕೆ ಮಡಚಿಸಿ ಜಾಗ ಮಾಡಿಕೊಳ್ಳುವವರೂ ಇದ್ದಾರೆ. ಮೂವತ್ತು ವರ್ಷದ ಹಳೆಯ ಬಣ್ಣ, ಬಿಸಿ ಮಾಡದೆ ಮಡಚಿದರೆ ಸಿಡಿಯುತ್ತದೆ, ಸಿಡಿದಲ್ಲಿ ತುಕ್ಕು ಹತ್ತುತ್ತದೆ. ಬೇಡವೆಂದೆ.

ಸ್ಟೀರಿಂಗ್ ಅತ್ತಿತ್ತ ಎಳೆಯುತ್ತಿದ್ದುದಕ್ಕೂ ಇದೇ ಮೂಲ. ಮುಂದಿನ ಚಕ್ರ ಎಡಬಲ ತಿರುಗುವ ಒಂದು ಅಕ್ಷವಿರುತ್ತದೆ. ಅದನ್ನು ಕೆಳಕ್ಕೆ ಎಳೆದರೆ ನೆಲವನ್ನು ಟೈರಿನ ನಡುವಿಗೆ ಹತ್ತಿರದಲ್ಲೇ ಮುಟ್ಟುವಂತೆ ಕಾರು ಮಾಡಿದವರು ಹೊಂದಿಸಿರುತ್ತಾರೆ. ಟೈರಿನ ನಡುವನ್ನು 25 ಮಿಲಿಮೀಟರ್ ಹೊರಗೆ ಸರಿಸಿದರೆ ರಸ್ತೆಯ ಕೈಗೆ ಅಷ್ಟು ಉದ್ದದ ಸನ್ನೆಕೋಲು ಸಿಕ್ಕಂತೆ. ಪ್ರತಿ ಗೀರೂ ಪ್ರತಿ ಕಲ್ಲೂ ಆ ಕೋಲು ಹಿಡಿದು ಜಗ್ಗುತ್ತದೆ.

ಇನ್ನು ಅವನ ಮುಖ್ಯ ಪ್ರಶ್ನೆ, ಹಿಡಿತದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕಾರಿನ ತೂಕ ಸುಮಾರು 960 ಕಿಲೋ ಎಂದು ಇಟ್ಟುಕೊಳ್ಳಿ. ಒಂದು ಚಕ್ರದ ಪಾಲಿಗೆ 240. ಗಾಳಿ ಹಿಡಿಸುವುದು 26 ಪಿಎಸ್‌ಐ. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1.8 ಕಿಲೋ ಒತ್ತಡ. ಭಾಗಿಸಿ ನೋಡಿದರೆ ಒಂದೊಂದು ಟೈರ್ ನೆಲ ಮುಟ್ಟುವ ಜಾಗ 130 ಚದರ ಸೆಂಟಿಮೀಟರಿನ ಆಸುಪಾಸು. ಬೆರಳು ಜೋಡಿಸಿ ಚಾಚಿದ ಕೈಯಷ್ಟೂ ಇಲ್ಲ. ಟೈರಿನ ಗಡಸುತನದಿಂದ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಅಷ್ಟೇ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಿಯೂ ಬರಲೇ ಇಲ್ಲ, ಗಮನಿಸಿದಿರಾ? ತೂಕ ಅದೇ, ಗಾಳಿ ಅದೇ ಆದರೆ ನೆಲ ಮುಟ್ಟುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಆಕಾರ. ಒಂದೇ ಉಂಡೆ ಕಣಕವನ್ನು ಉದ್ದಕ್ಕೆ ತಟ್ಟುವುದೂ ಉಂಟು, ಅಡ್ಡಕ್ಕೆ ತಟ್ಟುವುದೂ ಉಂಟು. ಕಿರಿದಾದ ಟೈರಿನ ಹೆಜ್ಜೆ ಉದ್ದ, ಅಗಲವಾದುದರ ಹೆಜ್ಜೆ ಗಿಡ್ಡ.

ಹಾಗೆಂದು ಅಗಲದ ಟೈರ್ ಬರೀ ಮೋಸ ಎಂದರೆ ನಾನೇ ಸುಳ್ಳುಗಾರನಾಗುತ್ತೇನೆ. ತಿರುವಿನಲ್ಲಿ ಟೈರಿನ ಹೆಜ್ಜೆಯ ಮುಂಭಾಗ ನೆಲವನ್ನು ಕಚ್ಚಿ ಹಿಡಿದಿರುತ್ತದೆ. ಹಿಂದೆ ಹಿಂದೆ ಹೋದಂತೆ ರಬ್ಬರ್ ಹಿಗ್ಗಿ, ಬಾಲದ ಕಡೆ ಜಾರತೊಡಗುತ್ತದೆ. ಹೆಜ್ಜೆ ಗಿಡ್ಡವಾದರೆ ಜಾರುವ ಬಾಲವೂ ಗಿಡ್ಡ. ಬಿಸಿ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ, ಹಾಗಾಗಿ ಮೆದುವಾದ ರಬ್ಬರ್ ಬಳಸಿದರೂ ತಾಳುತ್ತದೆ. ಒಣ ರಸ್ತೆಯಲ್ಲಿ ಹಿಡಿತ ಏರುವುದು ನಿಜ. ಆದರೆ ಉದ್ದನೆಯ ಹೆಜ್ಜೆಯೇ ಸ್ಟೀರಿಂಗಿಗೆ, ಇನ್ನೇನು ಜಾರುತ್ತೇನೆ ಎಂಬ ಪಿಸುಮಾತನ್ನು ಮುಟ್ಟಿಸುವುದು. ಅದು ಗಿಡ್ಡವಾದಷ್ಟೂ ಪಿಸುಮಾತು ಕ್ಷೀಣ. ಜಾರುವುದು ತಡವಾಗುತ್ತದೆ, ಜಾರಿದಾಗ ಥಟ್ಟನೆ ಜಾರುತ್ತದೆ.

ಮಿಯಾಟಾ ಎಂಬ ಕಾರಿನ ಜೀವವಿರುವುದೇ ಆ ಪಿಸುಮಾತಿನಲ್ಲಿ. 1989ರ ಫೆಬ್ರುವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಾಗ ಎಂಜಿನ್ ಬರೀ 1.6 ಲೀಟರಿನದು, ಶಕ್ತಿ 116 ಅಶ್ವಶಕ್ತಿ. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ತೋಶಿಹಿಕೊ ಹಿರಾಯಿ ಮುಂದಿಟ್ಟುಕೊಂಡಿದ್ದ ಮಾತು 'ಜಿನ್‌ಬಾ ಇತ್ತಾಯಿ'. ಕುದುರೆ ಮತ್ತು ಸವಾರ ಒಂದೇ ಮೈಯಾಗುವುದು ಎಂದು ಅರ್ಥ. ಕುದುರೆಯ ಕಾಲಿಗೆ ಆನೆಯ ಪಾದ ಕಟ್ಟಿದರೆ ಸವಾರ ಏನು ಮಾಡಿಯಾನು? 2005ರ ಮೂರನೆಯ ಪೀಳಿಗೆಗೆ 205 ಅಗಲದ ಟೈರ್ ಕೊಟ್ಟ ಇದೇ ಕಂಪನಿ, 2015ರಲ್ಲಿ ನಾಲ್ಕನೆಯ ಪೀಳಿಗೆಯನ್ನು ಜಪಾನಿನಲ್ಲಿ ಬಿಟ್ಟಾಗ 195ಕ್ಕೆ ಇಳಿಯಿತು. ಟೊಯೋಟಾದವರು 2012ರಲ್ಲಿ ತಮ್ಮ 86 ಎಂಬ ಸ್ಪೋರ್ಟ್ಸ್ ಕಾರಿಗೆ, ಮೈಲೇಜಿಗೆ ಹೆಸರಾದ ಪ್ರಿಯಸ್ಸಿಗೂ ಬಳಸುತ್ತಿದ್ದ 215 ಅಗಲದ ಟೈರನ್ನು ಬೇಕೆಂದೇ ಕೊಟ್ಟರು. ಕೊಂಡವರಲ್ಲಿ ಅನೇಕರು ಜಿಪುಣತನ ಎಂದು ಗೊಣಗಿದರು. ನನಗೆ ಅದರಲ್ಲಿ ಜಾಣತನ ಕಾಣುತ್ತದೆ.

"ಹಾಗಾದರೆ ಹಿಂದಿನ ಎರಡಕ್ಕೆ ಮಾತ್ರ ಅಗಲದ್ದು ಹಾಕೋಣವೇ? ಪೋರ್ಶೆಯಲ್ಲಿ ಹಾಗೇ ಇರುತ್ತದಲ್ಲ" ಎಂದು ಅಳಿಯ ಕೇಳಿದ. ಪೋರ್ಶೆ 911ರ ಎಂಜಿನ್ ಇರುವುದೇ ಹಿಂದಿನ ಚಕ್ರಗಳ ಹಿಂದೆ. 1973ರ ಕರೇರಾ ಆರ್‌ಎಸ್‌ಗೆ ಅವರು ಮುಂದೆ 185, ಹಿಂದೆ 215 ಹಾಕಿದ್ದು ಆ ಭಾರವನ್ನು ಹೊರಲು. ಮಿಯಾಟಾದ ತೂಕ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮವಾಗಿ ಹಂಚಿದೆ. ಹಿಂದೆ ಮಾತ್ರ ಅಗಲ ಮಾಡಿದರೆ ತಿರುವಿನಲ್ಲಿ ಮೂತಿ ತಿರುಗದೆ ನೇರಕ್ಕೆ ಹೋಗುತ್ತದೆ.

ಇಷ್ಟೆಲ್ಲ ಪಾಠ ಹೇಳಿದ ಮೇಲೆ ನನಗೇ ಒಂದು ಸಂಶಯ ಬಂತು. ಒಣ ರಸ್ತೆಯಲ್ಲೂ ಮೊದಲಿಗಿಂತ ಕಡಿಮೆ ಹಿಡಿತ ಎಂದನಲ್ಲ, ಅದೇಕೆ? ಕನ್ನಡಕ ಹಾಕಿಕೊಂಡು, ಟಾರ್ಚ್ ಹಿಡಿದು ಟೈರಿನ ಒಳಕೆನ್ನೆಯನ್ನು ಹುಡುಕಿದೆ. ಸಿಕ್ಕಿತು, ನಾಲ್ಕು ಅಂಕಿ: 2213. 2013ರ ಇಪ್ಪತ್ತೆರಡನೆಯ ವಾರ ತಯಾರಾದದ್ದು. ಹತ್ತು ವರ್ಷ ತುಂಬಿದ ರಬ್ಬರ್. ಬಟನ್ ಎಂದು ನಾವು ಅಂಗಡಿಯಲ್ಲಿ ಹೇಳುವ ಕಚ್ಚುಗಳೆಲ್ಲ ಆಳವಾಗಿಯೇ ಇದ್ದವು, ಹೊಸದರ ಹಾಗೆ ಹೊಳೆಯುತ್ತಲೂ ಇತ್ತು. ಆದರೆ ಉಗುರಿನಿಂದ ಒತ್ತಿದರೆ ಗುರುತು ಮೂಡಲಿಲ್ಲ. ನಮ್ಮ ಹಳೆಯ ರಬ್ಬರ್ ಚಪ್ಪಲಿ ಬಿಸಿಲಿಗೆ ಬಿದ್ದು ಬಿರುಸಾದ ಹಾಗೆ. ಇಪ್ಪತ್ತು ಮಿಲಿಮೀಟರಿನ ಆಸೆಯಲ್ಲಿ ಹುಡುಗ ವಯಸ್ಸು ಕೇಳಿರಲಿಲ್ಲ.

ಕೊನೆಗೆ ಆರೂವರೆ ಇಂಚಿನ, ಆಫ್‌ಸೆಟ್ 40ರ ಹಗುರ ರಿಮ್ ಹುಡುಕಿ, ಆ ವರ್ಷವೇ ತಯಾರಾದ 195/50 ಆರ್ 15 ಟೈರ್ ಹಾಕಿಸಿದೆವು. ಅದರ ಎತ್ತರ 576, ಮೂಲಕ್ಕಿಂತ ಒಂದೂವರೆ ಮಿಲಿಮೀಟರ್ ಕಡಿಮೆ. ಭಾರ ಸೂಚಿ ಮೊದಲಿನಂತೆಯೇ 82, ಅಂದರೆ ಟೈರ್ ಒಂದಕ್ಕೆ 475 ಕಿಲೋ. ಅದಕ್ಕಿಂತ ಕಡಿಮೆಯದನ್ನು ಯಾರೇ ಬಿಟ್ಟಿಯಾಗಿ ಕೊಟ್ಟರೂ ನಾನು ಹಾಕುವುದಿಲ್ಲ. ತಗ್ಗಿಸಿದ ಸ್ಪ್ರಿಂಗ್ ತೆಗೆಸಿ, ಅಲೈನ್‌ಮೆಂಟ್ ಹೊಸದಾಗಿ ಮಾಡಿಸಿದೆವು. ಗಾಳಿ ಎಷ್ಟು ಬೇಕೆಂದು ನೋಡಲು ಟೈರಿನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಮನೆಯ ಮುಂದಿನ ರಸ್ತೆಯಲ್ಲಿ ನೇರವಾಗಿ ಓಡಿಸಿದೆವು. ಗೆರೆ ನಡುವಿನಲ್ಲಿ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚಿನಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಇಪ್ಪತ್ತಾರಕ್ಕೆ ಸಮವಾಗಿ ಅಳಿಸಿತು. ಎದುರುಮನೆಯ ಅಮೆರಿಕನ್ ಅಜ್ಜ ಕೈಕಟ್ಟಿ ನಿಂತು ಈ ಪೂಜೆಯನ್ನೆಲ್ಲ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಸಾರಾಟೋಗಾದಿಂದ ಹೈವೇ 9ರಲ್ಲಿ ಬೆಟ್ಟ ಹತ್ತಿದೆವು. ಚಾವಣಿ ತೆರೆದಿತ್ತು, ಮರಗಳ ನೆರಳು ಮುಖದ ಮೇಲೆ ಹರಿದು ಹೋಗುತ್ತಿತ್ತು. ತಿರುವಿನ ಮೇಲೆ ತಿರುವು, ಆಗುಂಬೆಯ ನೆನಪು ಬರುವಷ್ಟು. ಮೇಲಿನ ಸ್ಕೈಲೈನ್ ರಸ್ತೆಯ ಕೂಡುದಾರಿಯಲ್ಲಿ ನಿಲ್ಲಿಸಿ, ಅಳಿಯ ಏನೂ ಹೇಳದೆ ಇಳಿದು ಹೋಗಿ ಹಿಂದಿನ ಮಡ್‌ಗಾರ್ಡಿನ ಅಂಚನ್ನು ಬೆರಳಿನಿಂದ ತಡವಿ ನೋಡಿದ. ಒಣಗಿದ ಹಿಟ್ಟಿನ ಒಂದು ಚೂರು ಇನ್ನೂ ಅಲ್ಲಿಯೇ ಇತ್ತು.

ನಾನು ಊರಿಗೆ ಮರಳಿದ ಮೇಲೆ, ಆ ವರ್ಷದ ಕೊನೆಗೆ ಅಲ್ಲಿ ಮಳೆ ಹಿಡಿದುಕೊಂಡಾಗ ಅವನ ಫೋನು ಬಂತು. ಅಗಲದ ಟೈರ್ ಹೆಚ್ಚು ನೀರನ್ನು ತಳ್ಳಿಕೊಂಡು ಹೋಗಬೇಕು, ನಿಂತ ನೀರಿನ ಮೇಲೆ ಬೇಗ ತೇಲುತ್ತದೆ ಎಂದು ಹೇಳಿ ಬಂದಿದ್ದೆ.

"ಮಾವ, ಮೂಲೆಯಲ್ಲಿದ್ದ ಹಳೆಯ 14 ಇಂಚಿನ ರಿಮ್ಮುಗಳಿಗೆ ಹೊಸ 185 ಹಾಕಿಸಿದ್ದೇನೆ. ಮಳೆಗಾಲ ಮುಗಿಯುವವರೆಗೆ ಅವೇ ಇರಲಿ" ಎಂದ. ತಯಾರಾದ ವಾರ ಯಾವುದೆಂದು ಕೇಳಿದೆ. ಕೇಳುವುದಕ್ಕೇ ಕಾದಿದ್ದವನ ಹಾಗೆ ನಾಲ್ಕು ಅಂಕಿಯನ್ನೂ ಒಂದೇ ಉಸಿರಿಗೆ ಒಪ್ಪಿಸಿದ.